ಡಾಕ್ಟರ್ ಕಾಕಾನ ನೀಲಿ ಔಷಧ

ಏಕಸಂಬಿಯಲ್ಲಿ ಯಾರ ಮನೆಗೆ ಹೊಸ ಮೀನು ಬಂದರೂ ಸುದ್ದಿ ಮೊದಲು ಮುಟ್ಟುವುದು ಡಾಕ್ಟರ್ ಕಾಕಾಗೆ. ಹೇಗೆ ಮುಟ್ಟುತ್ತದೆ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಕೊಲ್ಲಾಪುರದ ಬಸ್ಸಿನಿಂದ ಪ್ಲಾಸ್ಟಿಕ್ ಚೀಲ ಎದೆಗವಚಿಕೊಂಡು ಇಳಿದವರನ್ನು ಯಾರೋ ನೋಡಿರುತ್ತಾರೆ, ಅವರು ಚಹಾದಂಗಡಿಯಲ್ಲಿ ಬಾಯಿ ಬಿಟ್ಟಿರುತ್ತಾರೆ. ಇತ್ತ ಚೀಲದ ರಬ್ಬರು ಬಿಚ್ಚುವಷ್ಟರಲ್ಲಿ ಕಾಕಾ ಬಾಗಿಲಲ್ಲಿ ಹಾಜರು. "ಮಾಸ್ತರ್ರ, ಮೀನಾ ತಂದೀರಂತ? ಎಲ್ಲಾ ಆರಾಮ ಅದಾವೇನ್ರಿ?" ಮನೆ ಮಂದಿ ಆರಾಮವಿದ್ದಾರೋ ಇಲ್ಲವೋ ಎಂದು ಕೇಳುವುದು ಆಮೇಲೆ, ನೆನಪಾದರೆ.

ಕಾಕಾ ಡಾಕ್ಟರಲ್ಲ. ನದಿಯ ಕಡೆಗೆ ಒಂದಿಷ್ಟು ಕಬ್ಬಿನ ಹೊಲ, ಹೊಲದಲ್ಲೇ ಮನೆ, ಮನೆಯಲ್ಲಿ ತೊಂಬತ್ತರ ಹತ್ತಿರದ ತಾಯಿ, ಗಂಡುಮಕ್ಕಳು ಪುಣೆಯಲ್ಲಿ. ನಮ್ಮ ಸೀಮೆಯ ಅರವತ್ತೈದು ದಾಟಿದ ರೈತರ ವಿವರವೇ ಅವರದ್ದೂ. ಡಾಕ್ಟರ್ ಎಂಬ ಬಿರುದು ಊರಿನ ಹುಡುಗರು ಚೇಷ್ಟೆಗೆ ಕೊಟ್ಟದ್ದು. ಕಾಕಾ ಅದನ್ನು ನಿಜವೆಂದೇ ಸ್ವೀಕರಿಸಿ, ಅದಕ್ಕೆ ತಕ್ಕ ಚೀಲವನ್ನೂ ಹೊಲಿಸಿಕೊಂಡರು. ಅವರೊಬ್ಬರೇ ಹೀಗೆ ಎಂದೇನೂ ಅಲ್ಲ. ಚಿಕ್ಕೋಡಿಯಲ್ಲಿ ಒಬ್ಬರಿದ್ದಾರೆ, ನಿಪ್ಪಾಣಿಯಲ್ಲಿ ಇಬ್ಬರು, ರಾಯಬಾಗದವರು ವಾಟ್ಸಾಪಿನಲ್ಲೇ ಚಿಕಿತ್ಸೆ ಕೊಡುತ್ತಾರಂತೆ. ಗಾಜಿನ ಪೆಟ್ಟಿಗೆಯಲ್ಲಿ ನಾಲ್ಕು ಮೀನು ಈಜುವ ಊರಲ್ಲೆಲ್ಲ ಅವುಗಳ ಕಾಯಿಲೆಗೆ ಕಾದು ಕೂತ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಆದರೆ ನನ್ನ ಪಾಲಿಗೆ ಬಂದವರು ಈ ಕಾಕಾ.

ಆ ಚೀಲದ ವಿಷಯ ಹೇಳಲೇಬೇಕು. ಅದರಲ್ಲಿ ಮಿಥಿಲೀನ್ ಬ್ಲೂ ಬಾಟಲಿ, ಮ್ಯಾಲಕೈಟ್ ಗ್ರೀನ್ ಬಾಟಲಿ, ಕಲ್ಲುಪ್ಪಿನ ಪುಡಿಕೆ, ಒಂದು ಬಲೆ, ಬ್ಯಾಟರಿ, ಜ್ಯೋತಿಷಿಗಳು ಕೈರೇಖೆ ನೋಡುವ ಭೂತಗನ್ನಡಿ ಮತ್ತು ಮನುಷ್ಯರ ಜ್ವರ ನೋಡುವ ಥರ್ಮಾಮೀಟರ್ ಇರುತ್ತವೆ. ಈ ಕೊನೆಯದು 35 ಡಿಗ್ರಿಗಿಂತ ಕೆಳಗೆ ಏನನ್ನೂ ತೋರಿಸುವುದಿಲ್ಲ. ಹಾಗಾಗಿ ಕಾಕಾನ ಲೆಕ್ಕದಲ್ಲಿ ಊರಿನ ಯಾವ ಮೀನಿಗೂ ಜ್ವರವಿಲ್ಲ. ಮಿಥಿಲೀನ್ ಬ್ಲೂ ಬಾಟಲಿಯ ಮುಚ್ಚಳ ಯಾವತ್ತೂ ಸರಿಯಾಗಿ ಕೂತದ್ದಿಲ್ಲ, ಅವರ ಬೆರಳುಗಳು ವರ್ಷವಿಡೀ ನೀಲಿ. 2023ರ ವಿಧಾನಸಭೆ ಚುನಾವಣೆಯಲ್ಲಿ ಬೂತಿನ ಸಿಬ್ಬಂದಿ ಅವರ ಹತ್ತೂ ಬೆರಳುಗಳನ್ನು ತಿರುವಿ ತಿರುವಿ ನೋಡಿ ದೊಡ್ಡ ಅಧಿಕಾರಿಯನ್ನು ಕರೆದಿದ್ದರು. "ಇದು ಮೀನದ ಔಷಧರಿ ಸಾಹೇಬ್ರ" ಎಂದು ಕಾಕಾ ವಿವರಿಸತೊಡಗಿದರಂತೆ. ಸಾಲಿನಲ್ಲಿ ಹಿಂದೆ ನಿಂತವರು ಮಧ್ಯಾಹ್ನದ ಊಟ ಅಲ್ಲೇ ತರಿಸಿಕೊಳ್ಳಬೇಕಾಯಿತು ಎಂದು ಊರಿನವರು ಹೇಳುವುದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು.

ಶ್ರಾವಣದಲ್ಲಿ ಮಗಳ ಹುಟ್ಟುಹಬ್ಬ. ಎರಡು ಫೂಟು ಉದ್ದ, ಒಂದು ಫೂಟು ಅಗಲ, ಒಂದು ಫೂಟು ಎತ್ತರದ ಟ್ಯಾಂಕ್ ಮನೆಗೆ ಬಂತು. ಮೀನು ತರಲು ಕೊಲ್ಲಾಪುರಕ್ಕೆ ಹೊರಟಾಗ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಮೊದಲೇ ಕೂತಿದ್ದರು. ಬ್ಯಾಡ ಎನ್ನುವ ಶಕ್ತಿ ನನಗಿಲ್ಲ. ತರಗತಿಯಲ್ಲಿ ಐವತ್ತು ಹುಡುಗರನ್ನು ಸುಮ್ಮನಿರಿಸುವವನು ಒಬ್ಬ ಹಿರಿಯರ ಮುಂದೆ ಸುಮ್ಮನಾಗುತ್ತೇನೆ.

ದಾರಿಯುದ್ದಕ್ಕೂ ಕಾಕಾ ಮಾತಾಡಿದ್ದು ಮೀನು ಆರಿಸುವ ಶಾಸ್ತ್ರ. ಈಗಲೂ ಹೇಳುತ್ತೇನೆ, ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಅಂಗಡಿಯ ಯಾವ ಟ್ಯಾಂಕಿನಲ್ಲಿ ಒಂದು ಮೀನು ಸತ್ತು ತೇಲುತ್ತಿದೆಯೋ ಆ ಟ್ಯಾಂಕಿನ ಉಳಿದ ಮೀನು ಎಷ್ಟೇ ಚೆಂದವಿದ್ದರೂ ಮುಟ್ಟಬಾರದು. ರೆಕ್ಕೆ ಮೈಗೆ ಅಂಟಿಸಿಕೊಂಡು ಮೂಲೆಯಲ್ಲಿ ನಿಂತದ್ದು ಬ್ಯಾಡ. ಮೇಲೆ ಬಂದು ಬಾಯಿ ಬಾಯಿ ಬಿಡುವುದು ಬ್ಯಾಡ. ಕಲ್ಲಿಗೆ ಮೈ ಉಜ್ಜಿಕೊಳ್ಳುವುದು ಮೊದಲೇ ಬ್ಯಾಡ, ಅದಕ್ಕೆ ಮೈಮೇಲೆ ಹುಳವಿದೆ. ಅಂಗಡಿಯವನಿಗೆ ಕಾಳು ಹಾಕಲು ಹೇಳಬೇಕು, ಓಡಿ ಬಂದು ತಿಂದದ್ದನ್ನೇ ಹಿಡಿಸಬೇಕು. ಮಾಲು ಯಾವಾಗ ಬಂತೆಂದು ಕೇಳಬೇಕು. ಚೆನ್ನೈನ ಕೊಳತ್ತೂರಿನಿಂದಲೋ ಕೋಲ್ಕತ್ತಾದಿಂದಲೋ ಮುಂಬಯಿಯ ಕುರ್ಲಾದಿಂದಲೋ ಗಾಳಿ ತುಂಬಿದ ಚೀಲದಲ್ಲಿ ಕತ್ತಲಲ್ಲಿ ಪ್ರಯಾಣ ಮಾಡಿ ನಿನ್ನೆ ಇಳಿದ ಮೀನಿಗೆ ಅರ್ಧ ಜೀವ ಅಲ್ಲೇ ಹೋಗಿರುತ್ತದೆ, ಸುಪ್ತವಾಗಿದ್ದ ರೋಗ ಆಗಲೇ ತಲೆ ಎತ್ತುವುದು. ಮುಂಗಡ ಕೊಟ್ಟು, ಒಂದು ವಾರ ಅಂಗಡಿಯವನ ಹತ್ತಿರವೇ ಬಿಟ್ಟು, ಬದುಕಿದ್ದನ್ನು ಒಯ್ಯುವವನೇ ಜಾಣ. ಇಷ್ಟೂ ಕಾಕಾ ಹೇಳಿದ್ದೇ.

ನನಗೂ ನನ್ನ ವಿದ್ಯೆ ತೋರಿಸುವ ಆಸೆಯಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮೀನಿನ ಬಗ್ಗೆ ಒಂದು ಭಾಗವನ್ನೇ ಬರೆದಿದ್ದಾನೆ, ಯಾವ ಮೀನು ಎಂಥ ನೀರಿನಲ್ಲಿರುತ್ತದೆ, ಯಾವುದಕ್ಕೆ ಎಂಥ ತುತ್ತು ಎಂದೆಲ್ಲ ಹೇಳಿದ್ದಾನೆ ಎಂದೆ. ಕಾಕಾ ಕಿಟಕಿಯಾಚೆ ನೋಡುತ್ತ ಒಂದು ಕ್ಷಣ ಯೋಚಿಸಿದರು. "ಆ ರಾಜಾ ಹಿಡ್ಯಾಕ ಬರದಾನ್ರಿ ಮಾಸ್ತರ್ರ. ನಾ ಉಳಸಾಕ ನೋಡಾಕತ್ತೀನಿ." ಕಾಗಲ್ ಬರುವವರೆಗೆ ನಾನು ಮತ್ತೆ ಬಾಯಿ ತೆರೆಯಲಿಲ್ಲ.

ಅಂಗಡಿಯ ಹೊಸ್ತಿಲು ದಾಟಿದ್ದೇ ತಡ, ಶಾಸ್ತ್ರವೆಲ್ಲ ಬಸ್ಸಿನಲ್ಲೇ ಉಳಿಯಿತು. ಸಾಲು ಸಾಲು ಟ್ಯಾಂಕುಗಳ ನೇರಳೆ, ಗುಲಾಬಿ ದೀಪ ಮುಖಕ್ಕೆ ಬಿದ್ದಾಗ ಕಾಕಾ ಏಳು ವರ್ಷದ ಹುಡುಗನಾದರು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಇದೇ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಒಂದು ಜೋಡಿಯ ಹಿಂದೆ ತಿರುಗುತ್ತಿದ್ದರಂತೆ. ಹಲ್ಲು ಎಣಿಸಿ, ಸುಳಿ ನೋಡಿ, ಗೊರಸು ಎತ್ತಿಸಿ, ನಡೆಸಿ, ನೀರು ಕುಡಿಸಿ, ಕೊನೆಗೆ ಬಾಲದ ತುದಿಯಲ್ಲಿ ಏನೋ ಕೊರತೆ ಕಂಡು ಬರಿಗೈಲಿ ಬರುತ್ತಿದ್ದರಂತೆ. ಇಲ್ಲಿ ಬಣ್ಣ ನೋಡಿದರು, ಬೆರಳು ತೋರಿಸಿದರು. ಗೋಲ್ಡ್ ಫಿಶ್ ಎರಡು. ಟೈಗರ್ ಬಾರ್ಬ್ ಆರು, ಯಾಕೆಂದರೆ "ಗುಂಪಿನ್ಯಾಗ ಇರತಾವ್ರಿ". ಕರಿ ಮೋಲಿ ನಾಲ್ಕು. ಉದ್ದ ರೆಕ್ಕೆಯ ಒಂದು ಫೈಟರ್. ಗಾಜಿಗೆ ಬಾಯಿ ಹಚ್ಚಿ ಕೂತ ಒಂದು ಸಕ್ಕರ್, "ಕಸಾ ತಿಂದ ಟ್ಯಾಂಕ್ ಸ್ವಚ್ಛ ಇಡ್ತೈತ್ರಿ". ಹೊರಡುವಾಗ ಫೈಟರ್ ಕಡೆ ನೋಡಿ, "ಒಂದ ಐತ್ರಿ ಪಾಪ, ಒಂಟಿ ಆಗ್ತೈತಿ" ಎಂದು ಇನ್ನೊಂದು ಗಂಡು ಫೈಟರನ್ನೂ ಹಿಡಿಸಿದರು. ಮೂಲೆಯ ಟ್ಯಾಂಕಿನಲ್ಲಿ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ನಮ್ಮ ಗೋಲ್ಡ್ ಫಿಶ್ ಬಂದದ್ದು ಅದೇ ಟ್ಯಾಂಕಿನಿಂದ.

ಗೋಲ್ಡ್ ಫಿಶ್ ತಣ್ಣೀರಿನ ಮೀನು, ಉಳಿದವಕ್ಕೆ ಬೆಚ್ಚನೆಯ ನೀರು ಬೇಕು. ಒಂದೊಂದು ಗೋಲ್ಡ್ ಫಿಶ್ ಅರ್ಧ ಫೂಟಿಗಿಂತ ದೊಡ್ಡದಾಗುತ್ತದೆ, ಹೊಲಸೂ ಅಷ್ಟೇ ಮಾಡುತ್ತದೆ. ಟೈಗರ್ ಬಾರ್ಬಿಗೆ ಉದ್ದ ರೆಕ್ಕೆ ಕಂಡರೆ ಕಚ್ಚುವ ಚಟ. ಗಂಡು ಫೈಟರುಗಳು ಎರಡು ಒಂದೇ ನೀರಿನಲ್ಲಿದ್ದರೆ ಏನಾಗುತ್ತದೆ ಎಂದು ಹೆಸರೇ ಹೇಳುತ್ತದೆ. ಫೈಟರುಗಳ ಕಥೆ ಅಂದೇ ರಾತ್ರಿ ಮುಗಿಯಿತು, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಸಕ್ಕರ್ ಒಂದು ಫೂಟು ಮೀರಿ ಬೆಳೆಯುವ ಪ್ರಾಣಿ. ನಮ್ಮ ಟ್ಯಾಂಕಿನ ಅಗಲವೇ ಒಂದು ಫೂಟು ಎಂದು ತೋರಿಸಿಕೊಟ್ಟ ಮೇಲೆ ಕಾಕಾ ಅದನ್ನು ತಮ್ಮ ಹೊಲದ ಬಾವಿಗೆ ಬಿಟ್ಟರು. ಅದು ಈಗಲೂ ಅಲ್ಲೇ ಇದೆ, ಪಂಪಿನ ಫುಟ್‌ವಾಲ್ವಿನ ಹತ್ತಿರ ಆಗಾಗ ಕಾಣಿಸಿಕೊಳ್ಳುತ್ತದೆ. ದೂಧಗಂಗೆಗೆ ಬಿಡಲಿಲ್ಲವಲ್ಲ ಎಂಬುದೇ ಸಮಾಧಾನ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನನ್ನು ಜನ ಬೇಸರ ಬಂದಾಗ ಹೊಳೆ, ಕೆರೆಗೆ ಸುರಿದು ದೇಶದ ಎಷ್ಟೋ ಕಡೆ ಊರ ಮೀನಿಗೇ ಜಾಗವಿಲ್ಲದಂತೆ ಮಾಡಿಟ್ಟಿದ್ದಾರೆ.

ಇಷ್ಟಾದರೂ ನನಗೆ ಕಾಕಾನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಪೇಢೆಯಿಂದ.

ಹುಟ್ಟುಹಬ್ಬದ ಕೇಕು ಫ್ರಿಜ್ಜಿನಲ್ಲಿ ಇನ್ನೂ ಉಳಿದಿತ್ತು. ಮಗಳು ಟ್ಯಾಂಕಿನ ಮುಂದೆ ಕೂತವಳು, "ಪಪ್ಪಾ, ಮೀನಕ್ಕ ರವಾ ಅಂಟೇತಿ" ಅಂದಳು. ನೋಡಿದರೆ ಗೋಲ್ಡ್ ಫಿಶ್ಶಿನ ಬಾಲದ ಮೇಲೆ, ಬೆನ್ನ ಮೇಲೆ ಬಿಳಿ ಬಿಳಿ ಕಾಳು. ಬಾರ್ಬುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಮೊದಲೇ ಜಡಿ ಮಳೆಯ ಥಂಡಿ, ಮೇಲೆ ಗಳಿಗೆಗೊಮ್ಮೆ ಹೋಗುವ ಕರೆಂಟು. ನಾನು ಯಾರಿಗೂ ಹೇಳಿರಲಿಲ್ಲ, ಆದರೂ ಅರ್ಧ ತಾಸಿನಲ್ಲಿ ಚೀಲ ಬಂತು. ಕಾಕಾ ಬ್ಯಾಟರಿ ಹಾಕಿ, ಭೂತಗನ್ನಡಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. "ಇಚ್ ಐತ್ರಿ. ಕಾಳಜಿ ಮಾಡಬ್ಯಾಡ್ರಿ, ನಾ ಅದೀನಲ್ಲ!" ಈ ಕೊನೆಯ ಮಾತು ಕೇಳಿ ನನ್ನ ಹೆಂಡತಿ ಸೋಫಾದ ಬಿಳಿ ಕವರು ತೆಗೆದು ಒಳಗಿಟ್ಟಳು. ಅನುಭವಸ್ಥೆ.

ರೋಗ ಗುರುತಿಸಿದ್ದು ಸರಿಯಾಗಿಯೇ ಇತ್ತು. ಇಕ್ತಿಯೋಫ್ತಿರಿಯಸ್ ಎಂಬ ಉದ್ದ ಹೆಸರಿನ, ಒಂದೇ ಜೀವಕೋಶದ ಪರೋಪಜೀವಿ. ಬಿಳಿ ಚುಕ್ಕೆ ರೋಗ ಎನ್ನುತ್ತಾರೆ. ಹೊಸ ಮೀನು ತಂದ ಮನೆಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಕಾಯಿಲೆ ಇನ್ನೊಂದಿಲ್ಲ. ಔಷಧದ ಪ್ರಮಾಣಕ್ಕೆ ನಾನು ಕಾಗದ ಪೆನ್ನು ತಂದೆ. ಎರಡು ಘನ ಅಡಿ ಎಂದರೆ ಸುಮಾರು 56 ಲೀಟರ್, ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 45. ಲೀಟರಿಗೆ ಒಂದರಿಂದ ಮೂರು ಗ್ರಾಂ ಉಪ್ಪು, ಅದನ್ನೂ ಒಮ್ಮೆಗೇ ಸುರಿಯದೆ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಎಂದು ಓದಿದ್ದೆ. ಕಾಕಾ ನನ್ನ ಕಾಗದವನ್ನು ಕರುಣೆಯಿಂದ ನೋಡಿದರು. "ಲೆಕ್ಕ ಸಾಲ್ಯಾಗ ಇರ್ಲಿ ಮಾಸ್ತರ್ರ. ಎಷ್ಟ ಕೊಡ ನೀರ ಹಿಡಿತೈತಿ ಹೇಳ್ರಿ." ಕೊಡದ ಲೆಕ್ಕಕ್ಕೆ ಮುಷ್ಟಿ ಉಪ್ಪು ಬಿತ್ತು. ಆಮೇಲೆ ನೀಲಿ. ನಿಜವಾಗಿ ಈ ರೋಗಕ್ಕೆ ಮಿಥಿಲೀನ್ ಬ್ಲೂ ಅಷ್ಟೇನೂ ಬಲವಾದ ಮದ್ದಲ್ಲ, ಅದರ ಉಪಯೋಗ ಹೆಚ್ಚಾಗಿ ಬೂಷ್ಟಿಗೆ, ಮೊಟ್ಟೆ ಕಾಪಾಡುವುದಕ್ಕೆ. ಜೊತೆಗೆ ಫಿಲ್ಟರಿನಲ್ಲಿ ಬೆಳೆದು ನೀರಿನ ಅಮೋನಿಯಾವನ್ನು ತಿಂದುಹಾಕುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಅದು ಕೆಡಿಸುತ್ತದೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು, ನಮ್ಮ ಟ್ಯಾಂಕಿನಲ್ಲಿ ಇನ್ನೂ ಬಂದೇ ಇರಲಿಲ್ಲ. ಕಾಕಾ ಹನಿ ಎಣಿಸುವ ಪೈಕಿ ಅಲ್ಲ. "ಮೀನಾ ಕಾಣಬಾರದ್ರಿ, ಹಂಗ ಹಾಕಬೇಕು." ಮೀನು ಕಾಣದಿದ್ದರೆ ರೋಗವೂ ಕಾಣುವುದಿಲ್ಲ, ಅಷ್ಟರಮಟ್ಟಿಗೆ ಚಿಕಿತ್ಸೆ ಫಲ ಕೊಟ್ಟಿತು. ಟ್ಯಾಂಕಿನ ಮೂಲೆಗಳ ಅಂಟು, ಪ್ಲಾಸ್ಟಿಕ್ ಗಿಡ, ಮಗಳ ಶಾಲೆಯ ಬಿಳಿ ಕಾಲುಚೀಲ, ನನ್ನ ಲುಂಗಿ ಎಲ್ಲ ನೀಲಿಯಾದವು.

ನೀರು ಬೆಚ್ಚಗಿರಬೇಕೆಂದು ಮುಂದಿನ ಕ್ರಮ. ಹೀಟರಿಗೆ ಕರೆಂಟಿಲ್ಲ. ಬಂಬ ಹೊತ್ತಿಸಿ, ಬಿಸಿನೀರನ್ನು ಬಾಟಲಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು ಟ್ಯಾಂಕಿನಲ್ಲಿ ತೇಲಿಬಿಟ್ಟರು. ಮೇಲೆ ಕಂಬಳಿ ಹೊದಿಸಿದರು. ರಾತ್ರಿ ಹನ್ನೊಂದಕ್ಕೆ ಫೋನು: "ಮಾಸ್ತರ್ರ, ಉಸರಾಡಾಕತ್ತಾವೇನ್ರಿ?" ಕಂಬಳಿ ಎತ್ತಿ ನೋಡಿ, ನೀಲಿಯಲ್ಲಿ ಏನೂ ಕಾಣದೆ, "ಹ್ಞೂಂರಿ" ಎನ್ನುತ್ತಿದ್ದೆ. ಬೆಳಗಿನ ಐದಕ್ಕೆ ಮತ್ತೆ ಫೋನು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗಲೂ ಯಾರೂ ಇಷ್ಟು ವಿಚಾರಿಸಿರಲಿಲ್ಲ. ಸಿಟ್ಟಿನ ನಡುವೆಯೂ ಇದು ಮನಸ್ಸಿಗೆ ತಟ್ಟುತ್ತಿತ್ತು ಎಂಬುದನ್ನು ಬರೆಯದೆ ಇರಲಾರೆ.

ಕೆಲ ದಿನಗಳಲ್ಲಿ ಚುಕ್ಕೆಗಳು ಮಾಯವಾದವು. ಕಾಕಾ ಬಂದು, ಭೂತಗನ್ನಡಿ ಹಿಡಿದು, ಎದ್ದು ನಿಂತು ಘೋಷಿಸಿದರು: "ಗುಣಾ ಆತ್ರಿ!" ನೀರೆಲ್ಲ ಚೆಲ್ಲಿಸಿದರು. ಫಿಲ್ಟರಿನ ಸ್ಪಂಜನ್ನು ಕ್ಲೋರಿನ್ ವಾಸನೆಯ ನಲ್ಲಿ ನೀರಿನಲ್ಲಿ ಹಿಂಡಿ ಹಿಂಡಿ ಬೆಳ್ಳಗೆ ಮಾಡಿದರು. ಸಂಜೆ ಪೇಢೆಯ ಡಬ್ಬಿ ತಂದು ನಮ್ಮ ಓಣಿಗೆಲ್ಲ ಹಂಚಿದರು. "ಮಾಸ್ತರ್ ಮನ್ಯಾಗ ಮೀನಾ ಆರಾಮ ಆದವು" ಎಂದು ಜನ ನನ್ನನ್ನು ಅಭಿನಂದಿಸಿದರು.

ಚುಕ್ಕೆ ಉದುರಿತೆಂದರೆ ರೋಗ ಹೋಯಿತೆಂದಲ್ಲ. ಬಿಳಿ ಕಾಳಾಗಿ ಕಾಣುವುದು ಮೀನಿನ ಚರ್ಮದಡಿ ಕೂತು ಉಣ್ಣುತ್ತಿರುವ ಹುಳ. ಅಲ್ಲಿರುವಷ್ಟು ಹೊತ್ತು ಉಪ್ಪೂ ತಾಗದು, ಔಷಧವೂ ತಾಗದು. ಹೊಟ್ಟೆ ತುಂಬಿದ ಮೇಲೆ ತಾನಾಗಿ ಕಳಚಿ ಬಿದ್ದು, ಮರಳಲ್ಲಿ ಕವಚ ಕಟ್ಟಿಕೊಂಡು, ಒಳಗೇ ಒಡೆದು ಒಡೆದು ನೂರಾರು ಮರಿಯಾಗುತ್ತದೆ. ಆ ಮರಿಗಳು ಈಜುತ್ತ ಹೊಸ ಮೀನನ್ನು ಹುಡುಕುವ ಒಂದೆರಡು ದಿನ ಮಾತ್ರ ಅವು ಮದ್ದಿನ ಕೈಗೆ ಸಿಗುವುದು. ನೀರು 25 ಡಿಗ್ರಿಯ ಆಸುಪಾಸು ಇದ್ದರೆ ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ, ತಣ್ಣಗಿದ್ದರೆ ಎಷ್ಟೋ ವಾರ ಎಳೆಯುತ್ತದೆ. ನೀರು ಬೆಚ್ಚಗೆ ಮಾಡುವುದು ಅದಕ್ಕೇ, ಹುಳ ಬೇಗ ಬೇಗ ಹೊರಗೆ ಬರಲಿ ಎಂದು. ಅಂದರೆ ಚುಕ್ಕೆ ಹೋದ ದಿನವೇ ಚಿಕಿತ್ಸೆಯ ನಡುಮಧ್ಯ. ಅದೇ ದಿನ ನಾವು ಔಷಧ ಚೆಲ್ಲಿ ಪೇಢೆ ತಿಂದೆವು. ಡಬ್ಬಿ ಖಾಲಿಯಾಗುವ ಹೊತ್ತಿಗೆ ಮೀನುಗಳ ಮೈಮೇಲೆ ಜಾಗವೇ ಉಳಿದಿರಲಿಲ್ಲ. ಇಷ್ಟು ಮುಂದುವರಿದಾಗ ಮೀನು ಸಾಯುವುದು ಚರ್ಮದ ಚುಕ್ಕೆಗಿಂತ ಹೆಚ್ಚಾಗಿ ಕಿವಿರು ಕೆಟ್ಟು, ಉಸಿರು ಸಿಗದೆ. ಬಾರ್ಬುಗಳು ಮೊದಲು ಹೋದವು.

ಗೋಲ್ಡ್ ಫಿಶ್‌ಗಳಲ್ಲಿ ಒಂದು ಮಾತ್ರ ಉಳಿದು ದಪ್ಪಗಾಗತೊಡಗಿತು. ಹುರುಪೆಗಳು ಮೈಯಿಂದ ಎದ್ದು ನಿಂತವು. ಅದು ಜಲೋದರ, ಒಳಗಿನ ಅಂಗಗಳು ಸೋತು ಹೊಟ್ಟೆಯಲ್ಲಿ ನೀರು ತುಂಬುವ ಸ್ಥಿತಿ, ಬದುಕುವುದು ಅಪರೂಪ. ಕಾಕಾ ಬಗ್ಗಿ ನೋಡಿ ನಕ್ಕರು. "ಬಸರಿ ಐತ್ರಿ! ತಂಗಿ, ಕುಬಸಕ್ಕ ತಯಾರಿ ಮಾಡವ್ವಾ." ಗೋಲ್ಡ್ ಫಿಶ್ ಮೊಟ್ಟೆ ಇಡುವ ಜಾತಿ, ಬಸಿರಾಗುವುದಿಲ್ಲ. ಕುಬಸದ ಬದಲು ಹಿತ್ತಲಿನ ದಾಸವಾಳದ ಬುಡದಲ್ಲಿ ಇನ್ನೊಂದು ಕಾರ್ಯ ನಡೆಯಿತು. ಪಕ್ಕದ ಮನೆಯವರೊಬ್ಬರು, ನಿಪ್ಪಾಣಿ ತಂಬಾಕಿನ ನೀರು ದನದ ಹೇನಿಗೆ ಹಾಕುತ್ತಾರಲ್ಲ, ಮೀನಿಗೂ ಹಾಕಿದ್ದರೆ ಉಳಿಯುತ್ತಿತ್ತೇನೋ ಎಂದರು. ಆಗ ಕಾಕಾ ಸಿಡಿದೆದ್ದದ್ದು ನೋಡಬೇಕಿತ್ತು. ತಂಬಾಕು ಮೀನಿಗೆ ನಂಜು, ಕೊಳದ ಕಳೆಮೀನು ಕೊಲ್ಲಲು ಅದರ ಪುಡಿ ಹಾಕುವುದುಂಟು. "ಗೊತ್ತಿಲ್ಲದ ಔಷಧ ಹೇಳಬಾರದ್ರಿ, ಜೀವದ ಪ್ರಶ್ನೆ ಐತಿ!" ಎಂದು ನಮ್ಮ ಅಂಗಳದಲ್ಲೇ ನಿಂತು ಗುಡುಗಿದರು. ಆಗಲೂ ಅವರ ಕೈಯಿಂದ ನೀಲಿ ಸೋರುತ್ತಿತ್ತು.

ಉಳಿದದ್ದು ನಾಲ್ಕು ಕರಿ ಮೋಲಿಗಳು. ಈಗ ನಲವತ್ತಾಗಿವೆ. ಇದರಲ್ಲಿ ಕಾಕಾನ ಪಾತ್ರವೂ ಇಲ್ಲ, ನನ್ನದೂ ಇಲ್ಲ. ಇದ್ದರೆ ನಮ್ಮ ಬೋರಿನ ನೀರಿನದು. ವರ್ಷಗಟ್ಟಲೆ ಕಬ್ಬಿಗೆ ನೀರು ಕಟ್ಟಿ ಕಟ್ಟಿ ಹೊಳೆಸಾಲಿನ ಎಷ್ಟೋ ಹೊಲ ಸವಳಾಗಿದೆ, ಬೋರಿನ ನೀರು ಗಡಸು, ಪಾತ್ರೆಯ ತುಂಬ ಬಿಳಿ ಪರೆ. ಮೋಲಿಗೆ, ಗಪ್ಪಿಗೆ ಬೇಕಾದದ್ದು ಇಂಥ ನೀರೇ. ಮೋಲಿ ಉಪ್ಪನ್ನೂ ತಾಳುತ್ತದೆ. ನಿಯಾನ್ ಟೆಟ್ರಾ, ಡಿಸ್ಕಸ್ ಮುಂತಾದವು ಮೆದು ನೀರಿನ ಕೂಸುಗಳು, ಇಲ್ಲಿ ತಂದು ಬಿಟ್ಟರೆ ಮೊದಲ ದಿನದಿಂದಲೇ ನರಳುತ್ತವೆ, ನರಳುವ ಮೀನಿಗೆ ಎಲ್ಲ ರೋಗವೂ ಅಂಟುತ್ತದೆ. ಗಪ್ಪಿಯನ್ನಂತೂ ದುಡ್ಡು ಕೊಟ್ಟೇ ತರಬೇಕೆಂದಿಲ್ಲ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಹಳ್ಳಿಗಳ ಬಾವಿ, ತೊಟ್ಟಿಗಳಿಗೆ ಬಿಡುವ ಮೀನೇ ಅದು. ತಮ್ಮ ಹೊಲದ ಸವಳಿಗೆ ಜಿಪ್ಸಂ ಹಾಕಿ, ಬಸಿಗಾಲುವೆ ತೋಡಿ, ಆ ನೆಲಕ್ಕೆ ಯಾವ ತಳಿ ತಡೆದೀತೆಂದು ಹತ್ತು ಜನರನ್ನು ಕೇಳಿ ಕಬ್ಬು ಹಚ್ಚುವ ಕಾಕಾಗೆ, ಅದೇ ನೀರು ಟ್ಯಾಂಕಿಗೆ ಬರುತ್ತದೆ ಎಂಬುದು ಮಾತ್ರ ಹೊಳೆಯುವುದಿಲ್ಲ.

ಒಂದು ಸಂಗತಿ ನನ್ನನ್ನು ಬಹಳ ಕಾಡಿತ್ತು. ಊರ ಮೀನೆಲ್ಲ ಕಾಕಾನ ಕೈಯಲ್ಲಿ ಸಾಯುತ್ತಿರುವಾಗ ಅವರ ಮನೆಯ ಟ್ಯಾಂಕ್ ಮಾತ್ರ ತುಂಬಿ ತುಳುಕುತ್ತದೆ. ಹೊಲದ ಮನೆಗೆ ಹೋದ ದಿನ ಗುಟ್ಟು ತಿಳಿಯಿತು. ಆ ಟ್ಯಾಂಕಿನ ಆಡಳಿತ ಕಾಕಾನ ತಾಯಿ, ಆಯಿಯದು.

ನಮ್ಮದು 12ನೇ ಶತಮಾನದ ಶಾಸನವಿರುವ ನೇಮಿನಾಥ ಬಸದಿಯ ಊರು. ಅತ್ತ ಭೋಜ ಜೈನ ಮುನಿ ಶಾಂತಿಸಾಗರ ಮಹಾರಾಜರ ಊರು, ಇತ್ತ ಸದಲಗಾ ವಿದ್ಯಾಸಾಗರ ಮಹಾರಾಜರದು. ಇಂಥ ಸೀಮೆಯ ಜೈನ ಮನೆಯ ಹಿರಿಯ ಹೆಂಗಸಿಗೆ ಮಗ ಮೀನು ಸಾಕುವುದೇ ಮನಸ್ಸಿಗಿಲ್ಲ. "ಹೊಳ್ಯಾಗಿರೂದನ್ನ ಕಾಜಿನ ಪೆಟಿಗ್ಯಾಗ ಸೆರಿ ಹಾಕಿದ ಪಾಪ ನಿನಗ, ನನಗಲ್ಲ" ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಆದರೆ ಮನೆಯೊಳಗೆ ಬಂದ ಜೀವ ಮನೆಯ ನಿಯಮದಂತೆ ಇರಬೇಕು. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಹಂಡೆಯಲ್ಲಿ ಒಂದು ರಾತ್ರಿ ಇಟ್ಟು, ಆಮೇಲೆ ಟ್ಯಾಂಕಿಗೆ. ಹಾಗೆ ಇಟ್ಟರೆ ನಲ್ಲಿ ನೀರಿನ ಕ್ಲೋರಿನ್ ಹಾರಿಹೋಗುತ್ತದೆ ಎಂದು ಆಯಿಗೆ ಯಾರೂ ಹೇಳಿಲ್ಲ. ಸೂರ್ಯ ಮುಳುಗಿದ ಮೇಲೆ ಮನೆಯಲ್ಲಿ ಯಾರಿಗೂ ಊಟವಿಲ್ಲ, ಮೀನಿಗೂ ಇಲ್ಲ. ಅಷ್ಟಮಿ, ಚತುರ್ದಶಿಗೆ ಆಯಿಯದು ಉಪವಾಸ, ಮೀನಿನದೂ. ಮೀನು ಸಾಯುವುದು ಹಸಿವಿನಿಂದಲ್ಲ, ಹೆಚ್ಚು ತಿನ್ನಿಸಿ ನೀರು ಕೆಡಿಸುವುದರಿಂದ. ಗಟಾರದಲ್ಲಿ ಬೆಳೆದು ರೋಗ ಹೊತ್ತು ತರುವ ಜೀವಂತ ಕೆಂಪು ಹುಳುವಿನ ಪುಡಿಕೆಯನ್ನು ಕಾಕಾ ಒಮ್ಮೆ ತಂದಿದ್ದರಂತೆ, ಹೊಸ್ತಿಲ ಹೊರಗಿನಿಂದಲೇ ವಾಪಸ್ಸಾಯಿತು.

ಎಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಜಗಲಿಯ ಮೇಲಿದ್ದ ಒಂದು ಪ್ಲಾಸ್ಟಿಕ್ ಬಕೆಟ್ಟು. ಅದರಲ್ಲಿ ಹೊಸದಾಗಿ ತಂದ ಮೂರು ಗಪ್ಪಿ. "ಇವು ಯಾಕ ಬ್ಯಾರೆ ಆಯಿ?" ಎಂದು ಕೇಳಿದೆ. "ಯಾವ ಊರಿನವೋ ಏನೋ. ಅಲ್ಲಿ ಸಂಗಾತದವು ಎಷ್ಟ ಸತ್ತಿದ್ದವೋ. ಸೂತಕ ಕಳೀಲಿ, ಆಮ್ಯಾಲ ಒಳಗ." ಹನ್ನೆರಡು ದಿನ ಕಳೆದ ಮೇಲೂ ಒಳ್ಳೆಯ ವಾರ ನೋಡಿ ಬಿಡುತ್ತಾರಂತೆ. ತಿಳಿದವರು ಹೊಸ ಮೀನನ್ನು ಎರಡು ಮೂರು ವಾರ ಪ್ರತ್ಯೇಕವಾಗಿಡಿ ಎನ್ನುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಸೂತಕದ ಬಕೆಟ್ಟಿಗೆ ಅದ್ದಿದ ಲೋಟವನ್ನು ಟ್ಯಾಂಕಿಗೆ ತಾಗಿಸುವಂತೆಯೂ ಇಲ್ಲ. ಕಾಕಾ ಮೂಲೆಯಲ್ಲಿ ಕೂತು, ನೀಲಿ ಬಾಟಲಿಯ ಮುಚ್ಚಳ ತಿರುವುತ್ತ, "ನಮ್ಮ ಆಯಿ ಔಷಧ ಹಾಕಾಕ ಬಿಡೂದಿಲ್ರಿ" ಎಂದು ನೊಂದು ನುಡಿದರು. ಆಯಿಗೆ ಕೇಳಿಸಿತು. "ಆ ಹುಳಕ್ಕ ಜೀವ ಇಲ್ಲೇನೋ?"

ಆ ಟ್ಯಾಂಕ್ ಇರುವುದು ಹಳೆಯ ದನದ ಗೋಟಾದಲ್ಲಿ. ಗೋದಲಿಯ ಕಟ್ಟೆಯ ಮೇಲೆ, ಹಗ್ಗ ಕಟ್ಟುವ ಗೂಟಗಳ ಎದುರಿಗೆ. ಆಚೀಚೆ ಹಳ್ಳಿಯವರು ಒಂದು ಕಾಲಕ್ಕೆ ರಾತ್ರಿ ಎರಡು ಗಂಟೆಗೂ ಈ ಗೋಟಾದ ಬಾಗಿಲು ಬಡಿಯುತ್ತಿದ್ದರಂತೆ. ಎತ್ತಿನ ಹೊಟ್ಟೆ ಉಬ್ಬಿದರೆ, ಹಸು ಕರು ಹಾಕಲು ಕಷ್ಟಪಟ್ಟರೆ, ಗೊಟ್ಟ ಹಾಕಬೇಕಾದರೆ ಕಾಕಾನೇ ಬೇಕು. ಆ ಬಿದಿರಿನ ಗೊಟ್ಟ ಈಗಲೂ ಗೋಡೆಗೆ ತೂಗಿದೆ. ಆಮೇಲೆ ಟ್ರ್ಯಾಕ್ಟರು ಬಂತು, ಜೋಡಿ ಹೋಯಿತು. ಇದ್ದ ಎರಡು ಎಮ್ಮೆಗಳನ್ನೂ ಮಕ್ಕಳು ಪುಣೆಯಿಂದ ಫೋನು ಮಾಡಿ ಮಾಡಿ ಮಾರಿಸಿದರು. ಬಡಿಯಲು ಬಾಗಿಲಿದೆ, ಬಡಿಯುವವರಿಲ್ಲ. ಈಗ ಕಾಕಾನೇ ಬಾಗಿಲು ಬಡಿಯುತ್ತ ತಿರುಗುತ್ತಾರೆ. ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾಗಿ ಬೀಡ್ ಕಡೆಯ ಕಬ್ಬು ಕಡಿಯುವ ತಂಡಗಳು ಎತ್ತಿನ ಗಾಡಿಗಳೊಂದಿಗೆ ಬಂದಿಳಿದರೆ ಊರಿನ ಮೀನುಗಳಿಗೆ ಮಾರ್ಚಿನವರೆಗೆ ನೆಮ್ಮದಿ. ಆಗ ಕಾಕಾ ಗುಡಿಸಲುಗಳ ನಡುವೆ ಯಾರದೋ ಎತ್ತಿನ ಹೆಗಲ ಹುಣ್ಣಿಗೆ ಅರಿಶಿನ, ಬೇವಿನೆಣ್ಣೆ ಹಚ್ಚುತ್ತ ಕೂತಿರುತ್ತಾರೆ. ಅಲ್ಲಿ ಅವರ ಕೈ ಅಳತೆ ತಪ್ಪುವುದಿಲ್ಲ, ನಾನು ನೋಡಿದ್ದೇನೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಎರಡೂ ಏರಿ ಬಂದಾಗ ಹೊಳೆದಂಡೆಯವರೆಲ್ಲ ದನಕರು, ಕಾಳುಕಡಿ ಹೇರಿಕೊಂಡು ಹೊರಟರು. ಕಾಕಾನ ಟ್ರೇಲರಿನಲ್ಲಿ ಆಯಿ, ಒಂದು ಟ್ರಂಕು, ಮತ್ತು ಮೀನು ತುಂಬಿದ ಎರಡು ಹಾಲಿನ ಕ್ಯಾನು. ಮುಂದೆ ಹೋಗುತ್ತಿದ್ದವರು, "ಕಾಕಾ, ಹಿಂದ ಅಷ್ಟ ದೊಡ್ಡ ಹೊಳಿ ಮನೀತನಕ ಬಂದೈತಿ, ಮೀನಾ ಯಾಕ ಹೊತ್ತೀರಿ?" ಎಂದು ಆ ಕಷ್ಟದಲ್ಲೂ ನಕ್ಕರಂತೆ. "ಇವಕ್ಕ ಹೊಳ್ಯಾಗ ಈಸ ಬರೂದಿಲ್ಲೋ" ಎಂದರಂತೆ ಕಾಕಾ. ಆಯಿ ದಾರಿಯುದ್ದಕ್ಕೂ ಕ್ಯಾನಿನ ಮುಚ್ಚಳ ಸರಿಸಿ ಗಾಳಿ ಆಡಿಸುತ್ತ ಕೂತಿದ್ದರಂತೆ, ಸೆರೆ ಹಾಕಿದ ಪಾಪ ತನ್ನದಲ್ಲ ಎಂದವರು.

ಈ ದೀಪಾವಳಿಗೆ ನಮ್ಮ ಕಡೆ ಯಾರಾದರೂ ಮೀನು ತರುವುದಿದ್ದರೆ ನನ್ನದೊಂದು ವಿನಂತಿ. ಮೋಲಿ ತನ್ನಿ, ಗಪ್ಪಿ ತನ್ನಿ, ಒಮ್ಮೆಗೆ ನಾಲ್ಕೈದರ ಮೇಲೆ ಬೇಡ. ಚೀಲವನ್ನು ಕಾಲು ತಾಸು ನೀರಿನ ಮೇಲೆ ತೇಲಿಬಿಟ್ಟು ಮೀನನ್ನು ಮಾತ್ರ ತೆಗೆದುಕೊಳ್ಳಿ, ಅಂಗಡಿಯ ನೀರನ್ನು ಚೆಲ್ಲಿ. ಮೂರು ವಾರ ಬೇರೆ ಬಕೆಟ್ಟಿನಲ್ಲಿಡಿ, ಆ ಮೂರು ವಾರ ಕಾಕಾಗೆ ಹೇಳಬೇಡಿ. ಆಮೇಲೆ ಅವಶ್ಯ ಕರೆಯಿರಿ, ಚಹಾ ಕೊಡಿ, ಮಾತಾಡಿಸಿ, ಚೀಲವನ್ನು ಹೊರಗೆ ಕಟ್ಟೆಯ ಮೇಲೆ ಇಡಿಸಿ. ಮನೆಯಲ್ಲಿ ಎತ್ತಿದ್ದರೆ ಮಾತು ಬೇರೆ. ಎಷ್ಟು ಹೊತ್ತಿಗಾದರೂ ಕರೆಯಿರಿ, ಚೀಲದ ಸಮೇತ.